ಹಳದಿಯ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಹಳದಿ

ವಿಮಾನ ನಿಲ್ದಾಣದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ತನಿಖಾ ವರದಿಯ ಹದಿನೇಳನೆಯ ಪುಟದ ಪ್ರಕಾರ ನನ್ನ ಷಡ್ಡಕನ ಕೈಗಳು ಮೂರು ಸೆಕೆಂಡು ತಡವಾಗಿ ಮೇಲೆದ್ದವು. ಆ ಮೂರು ಸೆಕೆಂಡಿನಿಂದಾಗಿ ವಿಮಾನದ ಬಲಗಡೆಯ ಪ್ರೊಪೆಲ್ಲರ್, ನಿಂತ ವಿಮಾನಕ್ಕೆ ಕರೆಂಟು ಕೊಡುವ ಗಾಡಿಗೆ ಬಡಿಯಿತು, ಅದರ ಅಲಗೊಂದು ಮುರಿದು ಮೂರನೇ ಸಾಲಿನ ಕಿಟಕಿ ಹೊಕ್ಕಿತು, ಅಲ್ಲಿ ಕೂತಿದ್ದ ಹೆರಿಗೆ ನರ್ಸಮ್ಮ ಬೆಲ್ಟು ಬಿಚ್ಚುವ ಮೊದಲೇ ಹೋಗಿಬಿಟ್ಟರು. ನಲವತ್ತು ಪುಟದ ಆ ವರದಿಯಲ್ಲಿ ಗಾಳಿಯ ದಿಕ್ಕಿದೆ, ಬಿಸಿಲಿನ ಪ್ರಮಾಣವಿದೆ, ನನ್ನ ಷಡ್ಡಕ ಹಿಂದಿನ ದಿನ ಎಷ್ಟು ತಾಸು ನಿದ್ದೆ ಮಾಡಿದ್ದನೆಂಬುದೂ ಇದೆ. ಇಲ್ಲದಿರುವುದು ಗೆರೆ ಸರಿದ ಕಥೆಯೊಂದೇ. ಆ ಗೆರೆಯನ್ನು ಎಳೆದವನು ನಾನು, ಎಳೆಸಿದವರು ತಾವು. ಈ ವಿಷಯದಲ್ಲಿ ನಮ್ಮಿಬ್ಬರಿಗಿಂತ ದೊಡ್ಡ ಪಂಡಿತರು ಯಾರಿದ್ದಾರೆ?

ಈ ಪತ್ರವನ್ನು ಓದುವ ಉಳಿದವರಿಗೆ ಒಂದು ಮಾತು. ನೆಲಕ್ಕಿಳಿದ ಮೇಲೆ ಪೈಲಟ್‌ಗೆ ಅಕ್ಕಪಕ್ಕದ್ದೆಲ್ಲ ಸರಿಯಾಗಿ ಕಾಣುವುದಿಲ್ಲ. ಡಾಂಬರಿನ ಮೇಲಿನ ಹಳದಿ ಗೆರೆಯ ಮೇಲೆ ಮುಂದಿನ ಚಕ್ರವನ್ನು ಇಟ್ಟುಕೊಂಡು ಬರುತ್ತಾನೆ. ಎದುರಿಗೆ ಎರಡು ಬ್ಯಾಟು ಹಿಡಿದು ನಿಂತವನು ಅವನ್ನು ಮೇಲೆತ್ತಿ ಅಡ್ಡ ಮಾಡಿದಾಗ ನಿಲ್ಲಿಸುತ್ತಾನೆ. ಆ ಬ್ಯಾಟಿನವನೇ ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ಹತ್ತೊಂಬತ್ತು ವರ್ಷ ಅದೇ ಕೆಲಸ. "ವಿಮಾನಾನೇ ನಿಲ್ಲಿಸ್ತಾರಂತೆ, ಮನೇಲಿ ಒಂದು ಹಾಲಿನ ಪಾತ್ರೆ ಉಕ್ಕೋದನ್ನ ನಿಲ್ಲಿಸೋಕಾಗಲ್ಲ" ಎಂದು ನಾದಿನಿ ಅವನನ್ನು ಕಾಡುತ್ತಿದ್ದಳು.

ಈಗ ಗೆರೆಯ ವಿಚಾರ. ಹೊಸ ಕಟ್ಟಡದ ಉದ್ಘಾಟನೆಗೆ ಮೂರು ದಿನವಿದ್ದಾಗ ತಾವು ಫೋಟೋದವನನ್ನು ಕರೆದುಕೊಂಡು ವಿಮಾನ ನಿಲ್ಲುವ ಅಂಗಳಕ್ಕೆ ಬಂದಿರಿ. ವಿಮಾನ ನಿಂತರೆ ಕಟ್ಟಡದ ಹೆಸರಿನ ಅರ್ಧ ಹಲಗೆ ಅದರ ಮೂಗಿನ ಹಿಂದೆ ಮುಚ್ಚಿಹೋಗುತ್ತಿತ್ತು. ನಾನು ಗೋಡೆಯ ಹತ್ತಿರ ಬಣ್ಣ ಕಲೆಸುತ್ತಿದ್ದೆ.

"ಏನ್ರೀ, ಈ ಗೆರೇನ ಸ್ವಲ್ಪ ಆ ಕಡೆ ಸರಿಸೋಕಾಗುತ್ತಾ?" ಎಂದಿರಿ, ಮಂಚ ಸರಿಸಲು ಹೇಳಿದ ಹಾಗೆ.

"ಗೆರೆ ಸರಿಸಬಹುದು ಸಾರ್. ಪಕ್ಕದಲ್ಲಿ ಕರೆಂಟು ಗಾಡಿ ನಿಲ್ಲೋ ಚೌಕಾನೂ ಸರಿಸಬೇಕಾಗುತ್ತಲ್ಲ."

"ಚೌಕ ಯಾರಿಗ್ರೀ ಫೋಟೋದಲ್ಲಿ ಕಾಣುತ್ತೆ? ಮೂರೇ ದಿನದ ಮಾತು, ಆಮೇಲೆ ಎಲ್ಲಾ ವಾಪಸ್ಸು. ನೀವು ಬಣ್ಣ ಹಚ್ಚೋರು, ಹಚ್ಚಿ."

ಹಚ್ಚಿದೆ. ಹಳೆಯ ಗೆರೆಯ ಮೇಲೆ ಕಪ್ಪು ಬಳಿದೆ, ಬಲಕ್ಕೆ ಹೊಸ ಹಳದಿ ಎಳೆದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಗೇಣು ಗೇಣನ್ನೂ ಅಳತೆ ಪುಸ್ತಕದಲ್ಲಿ ಬರೆಯದೆ ಕುಂಚ ತೊಳೆದವನಲ್ಲ. ಅದರಲ್ಲಿರುವುದು ಇಷ್ಟು: ಗೆರೆಯ ಉದ್ದ ನಲವತ್ತೊಂದು ಮೀಟರು, ಸರಿದದ್ದು ಎರಡೂಕಾಲು ಮೀಟರು. ಹಳೆಯ ಗೆರೆಯ ಮೇಲೆ ಬಂದ ವಿಮಾನದ ಪ್ರೊಪೆಲ್ಲರಿಗೂ ಚೌಕದಲ್ಲಿ ನಿಂತ ಗಾಡಿಗೂ ನಡುವೆ ಇದ್ದ ಜಾಗ ಎರಡು ಮೀಟರು. ಎರಡರಲ್ಲಿ ಎರಡೂಕಾಲು ಕಳೆದರೆ ಎಷ್ಟು ಉಳಿಯುತ್ತದೆ? ನನ್ನ ಓದಿಗೆ ಅದು ನಿಲುಕುವುದಿಲ್ಲ, ತಾವು ದೊಡ್ಡ ಓದಿನವರು.

ಫೋಟೋ ಚೆನ್ನಾಗಿ ಬಂತು. ಮೂರು ದಿನ ನಾಲ್ಕು ತಿಂಗಳಾಯಿತು. ಎರಡು ಸಲ ಬಂದು ನೆನಪಿಸಿದೆ. "ಫೈಲು ಮೇಲೆ ಹೋಗಿದೆ" ಎಂದಿರಿ. ಫೈಲು ಮೇಲೆ, ಗೆರೆ ಕೆಳಗೆ, ನಡುವೆ ದಿನಕ್ಕೆ ನಾಲ್ಕು ವಿಮಾನ.

ಹಾಗಾದರೆ ಆ ನಾಲ್ಕು ತಿಂಗಳು ಏನೂ ಆಗಲಿಲ್ಲವೇಕೆ? ವರದಿ ಕೇಳದ ಪ್ರಶ್ನೆ ಇದು. ಯಾರನ್ನು ತಪ್ಪಿತಸ್ಥನೆಂದು ತಾವು ಬರೆದಿದ್ದೀರೋ ಅವನು ಕಾದುಕೊಂಡಿದ್ದ, ಅದಕ್ಕೆ. ಗೆರೆ ಸರಿದ ಮಾರನೇ ದಿನವೇ ಅವನ ಕಣ್ಣಿಗೆ ಅದು ಬಿದ್ದಿತ್ತು. ಪ್ರತಿ ವಿಮಾನಕ್ಕೂ ಮುಂಚೆ ತಾನೇ ಹೋಗಿ ಗಾಡಿಯನ್ನು ಚೌಕದಿಂದ ಆಚೆಗೆ ನೂಕಿ ಬರುತ್ತಿದ್ದ. ಮೇಲ್ವಿಚಾರಕರಿಗೂ ಹೇಳಿದ. "ನಿನ್ನ ಕಣ್ಣಳತೆ ದೊಡ್ಡದೋ, ಆಫೀಸಿನ ನಕ್ಷೆ ದೊಡ್ಡದೋ?" ಎಂಬ ಉತ್ತರ ಸಿಕ್ಕಿತು. ನಕ್ಷೆಯಲ್ಲಿ ಗೆರೆ ಹಳೆಯ ಜಾಗದಲ್ಲೇ ಇತ್ತಲ್ಲ, ಅದು ಯಾವತ್ತೂ ಸರಿದದ್ದೇ ಇಲ್ಲ.

ಆಮೇಲೆ ತಮ್ಮ ಶಿಸ್ತಿನ ಸಪ್ತಾಹ ಬಂತು. "ಎಲ್ಲ ವಾಹನಗಳೂ ತಮ್ಮ ತಮ್ಮ ಚೌಕದಲ್ಲೇ ಇರತಕ್ಕದ್ದು, ತಪ್ಪಿದಲ್ಲಿ ಕ್ರಮ" ಎಂದು ತಮ್ಮ ಸಹಿಯ ಸುತ್ತೋಲೆ. ಆ ಬೆಳಿಗ್ಗೆಯೂ ಷಡ್ಡಕ ಎಂಟು ಗಂಟೆಗೆ ಗಾಡಿಯನ್ನು ಆಚೆಗೆ ನೂಕಿದ್ದ. ಅವನು ಬ್ಯಾಟು ಹಿಡಿದು ಮುಂದಕ್ಕೆ ನಡೆಯುತ್ತಿದ್ದಾಗ, ಅವನ ಬೆನ್ನ ಹಿಂದೆ, ಶಿಸ್ತಿನವರು ಅದನ್ನು ಮತ್ತೆ ಚೌಕದೊಳಗೆ ನೂಕಿದರು. ವಿಮಾನದ ಬಲರೆಕ್ಕೆಯ ಬದಿಗೆ ನಿಂತು ನೋಡಬೇಕಾದವನ ಹುದ್ದೆ ಹೋಗಿ ವರ್ಷವಾಗಿತ್ತು. ಎದುರು ಬಿಸಿಲು. ಗಾಡಿ ಕಂಡ ಕೂಡಲೇ ಕೈ ಅಡ್ಡ ಮಾಡಿದ. ಮೂರು ಸೆಕೆಂಡು ತಡ, ಒಪ್ಪಿದೆ. ಅಂಗಳದ ಕ್ಯಾಮೆರಾಗೆ ಅವನ ಕೈ ಕಾಣುತ್ತದೆ, ನೆಲ ಕಾಣುವುದಿಲ್ಲ.

ಇನ್ನು ಬರೆಯಬೇಕಾದದ್ದನ್ನು ಬರೆಯಲು ನನಗೆ ಏಳು ವಾರ ಬೇಕಾಯಿತು.

ಅಪಘಾತದ ದಿನವೇ ಹನ್ನೊಂದು ಗಂಟೆಗೆ ತಮ್ಮ ಫೋನು ಬಂತು. "ಗೆರೆ ಹಳೇ ಜಾಗಕ್ಕೆ ಬರಲಿ, ಸಂಜೆಯೊಳಗೆ." ಇರುವುದೊಂದೇ ಅಂಗಳ, ನಿಲ್ದಾಣ ಮುಚ್ಚಬಾರದು ಎಂಬ ನೆಪ ಹೇಳಿ ವಿಮಾನವನ್ನು ಅಷ್ಟರಲ್ಲಿ ಬದಿಗೆ ಎಳೆಸಿದ್ದಿರಿ. ತನಿಖೆಯವರು ಬರುವುದು ಮರುದಿನ. ಏಕೆ ಎಂದು ನಾನು ಕೇಳಲಿಲ್ಲ. ತಮ್ಮ ಗೇಟಿನೊಳಗಿನ ಕೆಲಸದಿಂದಲೇ ನಾಲ್ಕು ಜನರ ನಡುವೆ ಮುಖವೆತ್ತಿ ನಡೆದವನು ನಾನು. ಕೇಳಿದರೆ ಆ ಗೇಟು ಮುಚ್ಚುತ್ತದೆಂದು ಗೊತ್ತಿತ್ತು. ಕೂಲಿಯವರನ್ನೂ ಕರೆಯದೆ ಒಬ್ಬನೇ ಮಂಡಿಯೂರಿ ಹೊಸ ಹಳದಿಗೆ ಕಪ್ಪು, ಹಳೆಯ ಕಪ್ಪಿಗೆ ಹಳದಿ ಬಳಿದೆ. ಪಕ್ಕದಲ್ಲೇ ವಿಮಾನ. ಕಿಟಕಿಗೆ ಟಾರ್ಪಾಲು ಕಟ್ಟಿದ್ದರು, ಗಾಳಿಗೆ ಅದು ಪಟಪಟ ಬಡಿಯುತ್ತಿತ್ತು. ಒಳಗೆ ನರ್ಸಮ್ಮನ ಚೀಲ ಇನ್ನೂ ಸೀಟಿನ ಕೆಳಗೇ ಇತ್ತೆಂದು ಆಮೇಲೆ ಕೇಳಿದೆ. ಮರುದಿನ ಬಂದವರು ಟೇಪು ಹಿಡಿದು ಅಳೆದರು, ಗೆರೆ ನಕ್ಷೆಗೆ ಸರಿಹೊಂದಿತು. ಹೊಂದದೇನು? ನನ್ನ ಕೈಕೆಲಸ.

ಷಡ್ಡಕನನ್ನು ಅಮಾನತು ಮಾಡಿದಿರಿ, ಅವನ ಮೇಲೆ ಕೇಸು ಹಾಕಿಸಿದಿರಿ. ಈಗ ಅವನು ಕುರ್ಚಿಯಲ್ಲಿ ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾನೆ. ಊಟಕ್ಕೆ ಕರೆದಾಗ ಮಾತ್ರ ಹೊರಗೆ ತೆಗೆಯುತ್ತಾನೆ. ಗೆರೆ ಸರಿಯಾಗಿತ್ತು ಎಂದು ವರದಿಯಲ್ಲಿ ಓದಿ ತನ್ನ ಕಣ್ಣಿನ ಮೇಲೇ ಅವನಿಗೆ ನಂಬಿಕೆ ಹೋಗಿದೆ. "ನಾನೇ ತಪ್ಪು ನೋಡ್ತಿದ್ನೇನೋ, ನಾಲ್ಕು ತಿಂಗಳೂ" ಎಂದ ಹೋದ ಭಾನುವಾರ. ನಾದಿನಿ ಕಾಫಿ ಲೋಟ ತಂದು ನನ್ನ ಮುಂದಿಟ್ಟಳು.

"ಭಾವ, ಅಂಗಳದ ಬಣ್ಣದ ಕೆಲಸ ಎಲ್ಲಾ ನಿಮ್ಮದೇ ಅಲ್ವಾ?"

"ಹೂಂ."

"ಹಾಗಾದ್ರೆ ಇವರ ಕಣ್ಣು ಸರಿ ಇದೆಯೋ ಇಲ್ವೋ, ನಿಮಗೆ ಗೊತ್ತಿರಬೇಕು."

ಕಾಫಿಯನ್ನು ಹಾಗೇ ಬಿಟ್ಟು ಬಂದೆ, ಮಾನ್ಯರೇ. ಈ ಪತ್ರ ಅವಳಿಗೆ ಕೊಡಬೇಕಿದ್ದ ಉತ್ತರ.

ಬಾಯಿಮಾತಿನ ಆದೇಶಕ್ಕೆ ಸಾಕ್ಷಿಯೇನು ಎಂದು ತಾವು ನಗಬಹುದು. ಬಣ್ಣಕ್ಕೆ ಒಂದು ಗುಣವಿದೆ. ಅದು ಮುಚ್ಚುತ್ತದೆ, ಅಳಿಸುವುದಿಲ್ಲ. ಬರುವ ಸೋಮವಾರ ಹತ್ತು ಗಂಟೆಗೆ ವರದಿಯ ಮೇಲಿನ ಆಕ್ಷೇಪಣೆಗಳ ವಿಚಾರಣೆಯಿದೆ. ಅಂದು ಅಂಗಳದ ಗೇಟು ತೆಗೆಸಿ, ತನಿಖೆಯವರನ್ನೂ ಷಡ್ಡಕನನ್ನೂ ಆ ಗೆರೆಯ ಬಳಿ ನಿಲ್ಲಿಸಿ. ಕೆರೆಯುವ ಉಳಿ ನಾನು ತರುತ್ತೇನೆ. ಅಂಗೈಯಗಲ ಕೆರೆದರೆ ಸಾಕು, ಹಳದಿಯ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಹಳದಿ ಸಿಗುತ್ತದೆ. ತಾವು ತಮ್ಮ ಕೋಣೆಯ ಗೋಡೆಯಿಂದ ಉದ್ಘಾಟನೆಯ ಫೋಟೋ ಇಳಿಸಿ ತನ್ನಿ. ಅದರಲ್ಲಿ ವಿಮಾನದ ಮುಂಚಕ್ರ ಯಾವ ಗೆರೆಯ ಮೇಲಿದೆ, ಹಿಂದೆ ಹೆಸರಿನ ಹಲಗೆ ಎಷ್ಟು ಪೂರ್ತಿಯಾಗಿ ಕಾಣುತ್ತದೆ ಎಂಬುದನ್ನು ಎಲ್ಲರೂ ನೋಡಲಿ. ಆಮೇಲೆ ಹದಿನೇಳನೆಯ ಪುಟವನ್ನು ಹೊಸದಾಗಿ ಬರೆಯಿರಿ. ಅದರಲ್ಲಿ ನನ್ನ ಹೆಸರೂ ಇರಲಿ, ತಮ್ಮದರ ಪಕ್ಕದಲ್ಲೇ. ನರ್ಸಮ್ಮನ ಮನೆಯವರಿಗೆ ಮೊದಲ ಪ್ರತಿ ಹೋಗಲಿ.

ಷಡ್ಡಕನ ಕೈ ತಡವಾದದ್ದು ಮೂರು ಸೆಕೆಂಡು. ನನ್ನ ಬಾಯಿ ತಡವಾದದ್ದು ಏಳು ವಾರ. ತಮ್ಮ ತಡ ಎಷ್ಟೆಂದು ಸೋಮವಾರ ಹತ್ತು ಗಂಟೆಗೆ ಗೊತ್ತಾಗುತ್ತದೆ.

ಇಂತಿ,
ಗೆರೆಯನ್ನು ಎರಡು ಸಲ ಎಳೆದು, ಎರಡನೆಯ ಸಲ ಏಕೆಂದು ಕೇಳದೇ ಹೋದ,
ತಮ್ಮ ಬಣ್ಣದವನು