ಹಾಲೇಶರ ಜಾಗದಲ್ಲಿ ಅತ್ತೆ

ಹೊನ್ನಾಳಿ

ಪ್ರವಾಸದ ವ್ಯವಸ್ಥಾಪಕರಾದ ರುದ್ರೇಶ್ ಅವರಿಗೆ ನಮಸ್ಕಾರ.

ಶ್ರೀಲಂಕಾದ ಒಂದು ವಾರದ ಪ್ರವಾಸಕ್ಕೆ ನಾನು ಮತ್ತು ನನ್ನ ಗಂಡ ಹಾಲೇಶ್ ಹೆಸರು ಬರೆಸಿದ್ದೆವು. ಈಚೆಗೆ ಇಲ್ಲಿನ ಸೇತುವೆಯ ಬಳಿ ಅವರ ಬೈಕಿಗೆ ಲಾರಿ ಬಡಿಯಿತು. ಅವರು ಉಳಿಯಲಿಲ್ಲ. ನೀವು ಅವರ ಫೋನಿಗೆ ಕಳಿಸಿದ ಸಂದೇಶಗಳನ್ನೆಲ್ಲ ನಾನು ಓದಿದ್ದೇನೆ. ಉತ್ತರಿಸುವುದು ತಡವಾಯಿತು.

ಪ್ರವಾಸ ಬಿಟ್ಟುಬಿಡೋಣ ಎಂದಿದ್ದೆ. ಅವರ ತಾಯಿ ಚೌಡಮ್ಮ ಒಪ್ಪಲಿಲ್ಲ. “ಬೋಧಿಮರ ನೋಡಾಕೆ ಅವ್ನು ಎಷ್ಟು ಆಸೆ ಇಟ್ಕಂಡಿದ್ದ! ನಾನು ಬರ್ತೀನಿ, ನಡಿ. ಮನ್ಯಾಗೆ ಕುಂತು ಏನು ಮಾಡ್ತೀಯ?” ಎಂದರು. ದಾವಣಗೆರೆಯಿಂದಾಚೆಗೆ ಅವರು ಹೋದವರಲ್ಲ. ನಿನ್ನೆ ಅವರ ಪಾಸ್‌ಪೋರ್ಟ್ ಬಂದಿದೆ. ಹಾಲೇಶರ ಜಾಗಕ್ಕೆ ಅವರ ಹೆಸರು ಹಾಕಿ.

ಕೋಣೆಯಲ್ಲಿ ಬೇರೆ ಬೇರೆ ಮಂಚಗಳಿರಲಿ. ಕ್ಯಾಂಡಿಯ ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ಅತ್ತೆಗೆ ಕೊಡಿ. ಅನುರಾಧಪುರದ ಬೋಧಿಮರದ ಬಳಿ ನಮ್ಮನ್ನು ಅವಸರಪಡಿಸಬೇಡಿ. ಸಮಯ ಸಾಲದಿದ್ದರೆ ಗಾಲೆಯ ಕೋಟೆಯನ್ನು ನಾವು ನೋಡದಿದ್ದರೂ ಆದೀತು. ಅತ್ತೆಗೆ ಖಾರ ಕಡಿಮೆ ಇರಲಿ. ನನಗೆ ಏನಾದರೂ ನಡೆಯುತ್ತದೆ, ಈಗೀಗ ರುಚಿ ತಿಳಿಯುವುದಿಲ್ಲ.

ಇನ್ನೊಂದು ಮಾತು. ಬಸ್ಸಿನಲ್ಲಿ ಯಾರಾದರೂ ನಾವಿಬ್ಬರು ಯಾರೆಂದು ಕೇಳಿದರೆ ತಾಯಿ, ಮಗಳು ಎಂದುಬಿಡಿ. ಇದು ನನಗೆ ಹೊಳೆದದ್ದಲ್ಲ. ನಾನು ಬರೆಯುತ್ತಿರುವುದನ್ನು ನೋಡಿ ಅತ್ತೆ ಪಕ್ಕದಲ್ಲಿ ಬಂದು ಕೂತರು. “ಸೊಸೆ ಅಂತ ಹಾಕಬ್ಯಾಡ, ಮಗಳು ಅಂತ ಬರಿ” ಎಂದರು. ಹಾಗೆಯೇ ಬರೆದಿದ್ದೇನೆ.

ಇಂತಿ,
ಪ್ರಮೀಳಾ