ಬಾವುಟದ ಅಂಚಿನ ಹೊಲಿಗೆ

ಆಕ್ರನ್, ಒಹಾಯೊ
ಗುರುವಾರ

ಪ್ರೀತಿಯ ಅಜ್ಜಿಗೆ,

ನಿನ್ನ ಮಂಡಿನೋವು ಹೇಗಿದೆ? ನನ್ನ ಸ್ವೆಟರಿನ ಹರಿದ ಮೊಣಕೈಗೆ ನೀನು ಹಾಕಿಕೊಟ್ಟ ಹೊಲಿಗೆ ಇನ್ನೂ ಬಿಚ್ಚಿಲ್ಲ. ಈ ಪತ್ರ ಅದರ ಬಗ್ಗೆಯೇ.

ಮಾಮನ ಅಂಗಡಿಗೆ ಬರುವ ಹಳೆಯ ಬೇಸ್‌ಬಾಲ್ ತಂಡಗಳ ಮುಕ್ಕೋನದ ಬಾವುಟಗಳನ್ನು ತಯಾರಿಸಿದವರು ಯಾರೆಂದು ಗುರುತಿಸುವುದು ನನ್ನ ಕೆಲಸ. ಎಷ್ಟೋ ಬಾವುಟಗಳ ಮೇಲೆ ಹೆಸರಿರುವುದಿಲ್ಲ, ಅಗಲ ತುದಿಯ ಪಟ್ಟಿಯ ಹೊಲಿಗೆ ನೋಡಿಯೇ ಹೇಳಬೇಕು. ಅಜ್ಜ ಬಿಟ್ಟುಹೋದ ಕೆಲವು ಬಾವುಟಗಳಲ್ಲಿ ದಾರ ಕೊನೆಗೆ ಹಿಂದಕ್ಕೆ ತಿರುಗಿ ಅಡ್ಡಗಂಟಾಗುತ್ತದೆ. ಅದು ಯಾವುದೋ ಮುಚ್ಚಿಹೋದ ಕಾರ್ಖಾನೆಯ ಗುರುತೆಂದು ಸಂಗ್ರಾಹಕರೆಲ್ಲ ನಂಬಿ ಹೆಚ್ಚು ಬೆಲೆ ಕೊಡುತ್ತಾರೆ. ನಿನ್ನೆ ಅದರ ಪಕ್ಕ ಕೈಯೂರಿದಾಗ ನನ್ನ ಸ್ವೆಟರಿನ ಮೊಣಕೈಯಲ್ಲೂ ಅದೇ ಗಂಟು ಕಂಡೆ.

ಹರಿದ ಬಾವುಟಗಳಿಗೆ ಹೊಸ ಪಟ್ಟಿ ಹಾಕಿದ್ದು ನೀನೇ ಅಲ್ಲವೇ?

ಮಾಮನಿಗೆ ಹೇಳಿದೆ. "ಸ್ಕೂಲು ಬಿಟ್ಟೆ, ಬಾಯಿ ಮಾತ್ರ ಬಿಡ್ಲಿಲ್ಲ ನೀನು," ಎಂದ. "ಶನಿವಾರ ಆ ಸಂಗ್ರಾಹಕ ಟೀಗ್ ಈ ಬಾವುಟಗಳನ್ನ ಕೊಳ್ಳೋಕೆ ಬರ್ತಾನೆ. ಅವ್ನು ನಂಬೋದು ನಿನ್ನ ಮಾತೊಂದನ್ನೇ. ಹೊಲಿಗೆ ಕಾರ್ಖಾನೇದೇ ಅಂದ್ಬಿಡು. ಆಗಲ್ಲ ಅಂದ್ರೆ ಮೇಲಿನ ರೂಮು ಖಾಲಿ ಮಾಡು."

ನಾನಿರುವ ಆ ಕೋಣೆಯ ಮೆಟ್ಟಿಲು ಅಂಗಡಿಯೊಳಕ್ಕೇ ಇಳಿಯುತ್ತದೆ. ಹಾಲು ತರಲು ಹೋದರೂ ಅವನ ಮೇಜು ದಾಟಿಯೇ ಹೋಗಬೇಕು.

ಸುಳ್ಳು ನನ್ನಿಂದಾಗದು. ನಿನ್ನ ಮಗನ ವ್ಯಾಪಾರ ಕೆಡಿಸಲೂ ನನಗೆ ಇಷ್ಟವಿಲ್ಲ. ಆದರೂ ಟೀಗ್ ಕೇಳಿದರೆ ಹೇಳಿಬಿಡುತ್ತೇನೆ. ಅದು ನಿನಗೆ ಮೊದಲೇ ತಿಳಿದಿರಲಿ.

ನಿನ್ನ ಸೋಫಾದ ಮೇಲಿನ ಬಟ್ಟೆಗಳನ್ನು ಶನಿವಾರದೊಳಗೆ ತೆಗೆದಿಡು, ನನಗೆ ಮಲಗಲು ಜಾಗ ಬೇಕಾಗುತ್ತದೆ. ಸ್ವೆಟರಿನ ಇನ್ನೊಂದು ಮೊಣಕೈಯೂ ಹರಿದಿದೆ, ಅದೇ ಗಂಟು ಹಾಕಿಕೊಡು.

ನಿನ್ನ ಮೊಮ್ಮಗಳು,
ಲೋರ್ನಾ