ಮಧ್ಯದ ಚೌಕ

ಪಾಂಡವಪುರ
೧೨-೩-೧೯೯೪

ಅಪ್ಪನವರಿಗೆ ಯಶೋದ ಮಾಡುವ ನಮಸ್ಕಾರ.

ನಾನು ಇಷ್ಟಪಟ್ಟವರನ್ನು ಮದುವೆಯಾದ ಮೇಲೆ ನೀವು ನನ್ನ ಹತ್ತಿರ ಮಾತು ಬಿಟ್ಟಿರಿ. ಆದರೂ ಬರೆಯುತ್ತಿದ್ದೇನೆ.

ಹೊಸ ಮನೆಯ ಹಜಾರದ ಚಾವಣಿಗೆ ಮರದ ಮುಚ್ಚಿಗೆ ಹಾಕಿಸುತ್ತಿದ್ದೇವೆ. ಕಿಕ್ಕೇರಿಯಲ್ಲಿ ನೀವು ಮಾಡುತ್ತಿದ್ದ ಹಾಗೆಯೇ, ಒಳಕ್ಕೆ ತಗ್ಗಿಸಿದ ಚೌಕಗಳು, ಮಧ್ಯದ್ದರಲ್ಲಿ ಕೆತ್ತಿದ ಕಮಲ. ಮೊನ್ನೆ ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದಾಗ ಬಡಗಿ ಹೇಳಿದ: "ಯಾರೋ ಯಜಮಾನ್ರು ಬಂದು ತಲೆ ಎತ್ಕಂಡು ಬಾಳ ಹೊತ್ತು ನೋಡುದ್ರು ಕಣಕ್ಕ. ‘ಮಧ್ಯದ ಚೌಕ ಇನ್ನೂ ಆಳ ಬೇಕು ಕಣ್ಲಾ, ಕಮಲ ಕೂರಕ್ಕಿಲ್ಲ’ ಅಂದ್ಬುಟ್ಟು ಒಂಟೋದ್ರು."

ನೀವೇ ಎಂದು ತಿಳಿಯಿತು.

ಆ ಚೌಕವನ್ನು ಆಳ ಮಾಡಿಸಿದ್ದೇನೆ. ಕಮಲ ಕೆತ್ತಲು ಬೇರೆ ಯಾರಿಗೂ ಹೇಳಿಲ್ಲ. "ಮಾವನೇ ಬರ್ಲಿ, ಅಲ್ಲೀಗಂಟ ಕಾಯುವ" ಎಂದು ನಿಮ್ಮ ಅಳಿಯನೂ ಹೇಳಿದರು.

ಮುಂದಿನ ವಾರದ ಭಾನುವಾರ ಎಲ್ಲರೂ ಮನೆಯಲ್ಲೇ ಇರುತ್ತೇವೆ. ಉಳಿ ತನ್ನಿ. ಮಗು ಈಗ ಯಾರು ಕರೆದರೂ ಕೈ ಚಾಚುತ್ತಾಳೆ.

ನಿಮ್ಮ ಮಗಳು,
ಯಶೋದ